ಜುಟ್ಟು ಕೀಳದ ಕಾಯಿ

ಪುಷ್ಯ ಹುಟ್ಟಿ ವಾರವಾಗಿತ್ತು. ರಾಗಿ ಕೊಯ್ಲು ಮುಗಿದು ಹೊಲಗಳು ಬೋಳಾಗಿ, ಕಣದ ಮೂಲೆಗಳಲ್ಲಿ ಮೆದೆಗಳು ಎದ್ದಿದ್ದವು. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ತುರುವೇಕೆರೆ ಮಗ್ಗುಲಿನ ಕಾಳನಕಟ್ಟೆಯಲ್ಲಿ ಬೆಟ್ಟಸ್ವಾಮಿಯ ತೋಟದಲ್ಲಿ ಕಾಯಿ ಕೀಳುವ ಕೆಲಸ ಆಗಲೇ ಶುರುವಾಗಿತ್ತು. ಉದ್ದನೆಯ ಬಿದಿರಿನ ತುದಿಗೆ ಕಟ್ಟಿದ ಕುಡುಗೋಲು ಗೊನೆಗೆ ತಾಗಿದ್ದೇ ತಡ, ಕಾಯಿಗಳು ಧೊಪ್ ಧೊಪ್ ಎಂದು ನೆಲಕ್ಕೆ ಬೀಳುತ್ತಿದ್ದವು. ಹೆಂಡತಿ ದ್ರಾಕ್ಷಾಯಣಮ್ಮ ಇನ್ನಿಬ್ಬರು ಹೆಂಗಸರ ಜೊತೆ ಅವನ್ನು ಆಯ್ದು ರಾಶಿ ಮಾಡುತ್ತಿದ್ದಳು. ಬೆಟ್ಟಸ್ವಾಮಿ ಮಾತ್ರ ಎಲ್ಲರ ಕೆಲಸಕ್ಕೂ ಅಡ್ಡವಾಗುವಂಥ ಒಂದು ಜಾಗವನ್ನು ಹುಡುಕಿಕೊಂಡು ನಿಂತು 'ಹುಷಾರು, ಹುಷಾರು' ಎನ್ನುತ್ತಿದ್ದ. ಅವನು ಹಾಗೆ ಹೇಳದೆ ಹೋಗಿದ್ದರೆ ಕಾಯಿಗಳು ಮೇಲಕ್ಕೆ ಬೀಳುತ್ತಿದ್ದವೋ ಏನೋ, ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ.

ಬೆಟ್ಟಸ್ವಾಮಿ ಕೆಟ್ಟವನಲ್ಲ. ಅವನಿಗಿದ್ದ ತೊಂದರೆ ಒಂದೇ, ಬಾಯಲ್ಲಿ 'ಇಲ್ಲ' ಎಂಬ ಮಾತು ಹೊರಡುತ್ತಿರಲಿಲ್ಲ. ಯಾರು ಏನು ಕೇಳಿದರೂ 'ಆಯ್ತು ಬುಡಿ, ಮಾಡಣ' ಎನ್ನುವನು. ಅದನ್ನು ಮಾಡದೆ ಇರುವುದಕ್ಕೆ ಆಮೇಲೆ ಪಡುವ ಕಷ್ಟ, ಮಾಡಿಯೇ ಬಿಟ್ಟಿದ್ದರೆ ಪಡಬೇಕಾಗಿದ್ದ ಕಷ್ಟಕ್ಕಿಂತ ಹೆಚ್ಚಾಗಿರುತ್ತಿತ್ತು.

ಅಂಥವನ ಜೇಬಿನಲ್ಲಿ ಆ ಬೆಳಿಗ್ಗೆ ಫೋನು ಬಡಿದುಕೊಂಡಿತು.

"ದೊಡ್ಡಪ್ಪ, ನಾನು ಯೋಗಿತಾ."

ಯೋಗಿತಾ ದ್ರಾಕ್ಷಾಯಣಮ್ಮನ ತಂಗಿಯ ಮಗಳು. ಬೆಂಗಳೂರಿನಲ್ಲಿ ಜಾಹೀರಾತಿನ ಚಿತ್ರ ಬರೆಯುವ ಒಂದು ಆಫೀಸಿನಲ್ಲಿದ್ದಳು.

"ನಮ್ಮ ಆಫೀಸಿಗೆ ಒಂದು ಫುಟ್‌ಬಾಲ್ ಟೀಮಿನ ಕೆಲಸ ಬಂದಿದೆ ದೊಡ್ಡಪ್ಪ. ತೆಂಗುನಾಡು ಫುಟ್‌ಬಾಲ್ ಕ್ಲಬ್ ಅಂತ. ದುಡ್ಡು ತಗೊಂಡು ಆಡೋ ದೊಡ್ಡ ಟೀಮು. ಅದರ ಓನರ್ ತಾತ ಹಿಂದೆ ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ ಮಾಡ್ತಿದ್ರಂತೆ. ಅದಕ್ಕೇ ಟೀಮು ನಿಮ್ಮ ಕಡೆದು ಅಂತ ಕಾಣೋ ಹಾಗೆ ಲೋಗೋ ಬದಲಾಯಿಸ್ಬೇಕಂತೆ."

"ಈಗೇನೈತವ್ವ?"

"ಸಿಂಹ. ಕಿರೀಟ ಹಾಕ್ಕೊಂಡು ಚೆಂಡಿನ ಮೇಲೆ ಕಾಲಿಟ್ಟಿದೆ."

"ಸಿಂಹ ಎಲ್ಲೈತೆ ನಮ್ ಸೀಮೇಲಿ? ಚಿರತೆ ಅಂದ್ರೆ ಒಪ್ಕೋಬೋದು. ಮೊನ್ನೆ ತಾನೆ ಹೋಟ್ಲು ಪರಮೇಶನ ನಾಯಿ ಎತ್ಕಂಡೋಯ್ತು."

"ಚಿರತೇನೂ ಬೇಡ ದೊಡ್ಡಪ್ಪ. ತೆಂಗಿನಕಾಯಿ ಬರೀಬೇಕು. ಇಲ್ಲಿ ಅಂಗಡೀಲಿ ಸಿಗೋವು ನೋಡಿದ್ರೆ ಕೈಯೇ ಓಡ್ತಿಲ್ಲ. ನಿಮ್ಮ ತೋಟದ್ದು ಒಂದು ಚೆನ್ನಾಗಿರೋದು ಬಸ್ಸಲ್ಲಿ ಕಳ್ಸಿ. ನೀವು ಹೇಗೆ ಕಳಿಸ್ತೀರೋ ಹಾಗೇ ಬರೀತೀನಿ."

ಹುಡುಗಿ ಹೇಳಿದ್ದು ಕಾಯಿಯ ವಿಚಾರ. ಆದರೆ 'ಹಾಗೇ ಬರೀತೀನಿ' ಎಂಬ ಆ ಕೊನೆಯ ಮಾತು ಬೆಟ್ಟಸ್ವಾಮಿಯ ಕಿವಿಯಿಂದ ಒಳಗಿಳಿದು ಎದೆಯಲ್ಲಿ ಕಾಲು ಚಾಚಿಕೊಂಡು ಕುಳಿತುಬಿಟ್ಟಿತು. ಒಂದು ದೊಡ್ಡ ಟೀಮಿನ ಲೋಗೋ. ತಾನು ಹೇಗೆಂದರೆ ಹಾಗೆ! ಅವನು ಫೋನನ್ನು ಜೇಬಿಗಿಟ್ಟು, 'ಹುಷಾರು' ಎನ್ನುವುದನ್ನೂ ಮರೆತು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ. ಕಾಯಿ ಕೀಳುವವರ ಕೆಲಸ ತುಸು ಚುರುಕಾಯಿತು.

ಆ ಸೀಮೆಯಲ್ಲಿ 'ಒಂದು ತೆಂಗಿನಕಾಯಿ' ಎಂದರೆ ಯಾರಿಗೂ ಏನೂ ಹೇಳಿದ ಹಾಗಾಗುವುದಿಲ್ಲ. ಎಳನೀರೋ, ಸಿಪ್ಪೆಕಾಯೋ, ಸುಲಿದ ಕಾಯೋ, ಅಟ್ಟದ ಮೇಲೆ ವರ್ಷ ಕೂತು ನೀರು ಬತ್ತಿ, ಅಲ್ಲಾಡಿಸಿದರೆ ಒಳಗೇ ಗಲಗಲ ಎನ್ನುವ ಕೊಬ್ಬರಿಯೋ? ಬಿಸಿಲೇರುವವರೆಗೂ ಚರ್ಚೆ ನಡೆಯಿತು. ಕೊನೆಗೆ ದ್ರಾಕ್ಷಾಯಣಮ್ಮ, "ಸುಲಿದ ಕಾಯಿ ಕಳಿಸ್ರೀ. ಸಿಪ್ಪೆಕಾಯಿ ಕಳಿಸಿದ್ರೆ ಆ ಹುಡುಗಿ ಅಲ್ಲಿ ಸುಲಿಯೋಕೆ ಕಬ್ಬಿಣದ ಗೂಟ ಹುಡುಕ್ಕಂಡು ಹೋಗ್ಬೇಕಾ?" ಎಂದು ತೀರ್ಮಾನ ಕೊಟ್ಟಳು. ಸುಲಿಯುವವನು ಗುಂಡಗಿನ ಒಂದು ಕಾಯಿ ಸುಲಿದು, "ಜುಟ್ಟು ಕೀಳ್ಲಾ?" ಎಂದ.

"ಮುಟ್ಟಬ್ಯಾಡ!" ಎಂದು ಗಂಡ ಹೆಂಡತಿ ಒಟ್ಟಿಗೇ ಕೂಗಿದರು. ಇವರಿಬ್ಬರೂ ಒಂದೇ ಮಾತನ್ನು ಒಂದೇ ಹೊತ್ತಿಗೆ ಆಡಿದ್ದನ್ನು ಸುಲಿಯುವವನು ಅದುವರೆಗೆ ಕಂಡಿರಲಿಲ್ಲ.

ಕಾಯಿಯ ನೆತ್ತಿಯ ಮೇಲೆ ಬಿಡುವ ನಾರಿನ ಜುಟ್ಟನ್ನು ಕೀಳುವುದು ದೇವರ ಮುಂದೆ ಇನ್ನೇನು ಒಡೆಯಬೇಕು ಎನ್ನುವಾಗ ಮಾತ್ರ. ಅದಕ್ಕೆ ಮೊದಲೇ ಕಿತ್ತು ಒಡೆಯದೆ ಇಟ್ಟುಕೊಂಡರೆ ಕೆಲಸ ಕೆಡುತ್ತದೆ ಎಂದು ಆ ಮನೆಯ ನಂಬಿಕೆ. ಮಗಳು ಹೊಸ ಕೆಲಸಕ್ಕೆ ಕೈ ಹಾಕುತ್ತಿದ್ದಾಳೆ, ಬೋಳುಕಾಯಿ ಕಳಿಸುವುದುಂಟೆ? ಬೆಟ್ಟಸ್ವಾಮಿ ಜುಟ್ಟನ್ನು ಬೆರಳಿನಿಂದ ಬಾಚಿ ನೆಟ್ಟಗೆ ನಿಲ್ಲಿಸಿ, ಕಾಯಿಯನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ತುರುವೇಕೆರೆಗೆ ಹೊರಟ.

ಬೆಂಗಳೂರು ಬಸ್ಸಿನ ಕಂಡಕ್ಟರು ಚೀಲ ಇಣುಕಿ, "ಒಂದು ಕಾಯಿ ಬೆಂಗಳೂರಿಗಾ? ಅಲ್ಲಿ ಸಿಗಲ್ವಾ?" ಎಂದ.

"ಇದು ತಿನ್ನೋ ಕಾಯಲ್ಲ ಕಣಪ್ಪ. ಲೋಗೋ ಕಾಯಿ."

"ಅಂಗಂದ್ರೆ ಯಾವ ತಳಿ?"

ಬೆಟ್ಟಸ್ವಾಮಿ ಮುಗುಳ್ನಕ್ಕು, ಉತ್ತರ ಕೊಡದೆ ಚೀಲವನ್ನು ಅವನ ಕೈಗೊಪ್ಪಿಸಿ ಇಳಿದ. ಉತ್ತರವನ್ನು ಅವನು ಬಸ್ ಸ್ಟಾಂಡ್ ಎದುರಿನ ಪರಮೇಶನ ಹೋಟೆಲಿಗಾಗಿ ಕಾದಿರಿಸಿಕೊಂಡಿದ್ದ. ಅಲ್ಲಿ ಕಾಫಿ ಕುಡಿಯುತ್ತಾ, ಯಾರೂ ಕೇಳದಿದ್ದರೂ ಹೇಳಿದ: "ನಮ್ ತೆಂಗುನಾಡು ಟೀಮಿನ ಲೋಗೋ ಬದಲಾಯ್ತಾ ಐತೆ ಪರಮೇಶ. ಲೋಗೋ ಅಂದ್ರೆ ಗುರುತು. ಎಲ್ಲಾ ನಮ್ ಕೈಲೇ ಐತೆ."

ಆ ಹೋಟೆಲಿನಲ್ಲಿ ಯಾರೂ ಯಾವತ್ತೂ ಫುಟ್‌ಬಾಲ್ ನೋಡಿದವರಲ್ಲ. ಆದರೆ ಒಂದು ವಸ್ತು ತಮ್ಮೂರಿನವನೊಬ್ಬನ ಕೈಲಿದೆ ಎಂದ ಮೇಲೆ ಅದು ಏನು ಎಂಬುದು ಮುಖ್ಯವಾಗುವುದಿಲ್ಲ. ಸಂಜೆಯೊಳಗೆ ಸುದ್ದಿ ಚಿಕ್ಕನಾಯಕನಹಳ್ಳಿ ದಾಟಿ ಗುಡ್ಡದ ಮಗ್ಗುಲಿನ ಹಟ್ಟಿಗಳನ್ನು ಮುಟ್ಟಿತು.

ಮಾರನೆಯ ದಿನ ಹಟ್ಟಿಯಿಂದ ಕುರಿಗಾರ ಎತ್ತಪ್ಪ ಬಂದ.

ಎತ್ತಪ್ಪನನ್ನು ಕಂಡರೆ ಬೆಟ್ಟಸ್ವಾಮಿಗೆ ಖುಷಿಯೂ ಆಗುತ್ತಿತ್ತು, ಕಾಲಿಗೆ ಮುಳ್ಳು ಚುಚ್ಚಿದ ಹಾಗೂ ಆಗುತ್ತಿತ್ತು. ಕೆಲವು ವರ್ಷದ ಹಿಂದೆ ತೋಟದ ಗರಿಗಳು ಹಳದಿ ತಿರುಗಿ, ಎಳೆಗಾಯಿಯ ಹರಳು ಕಟ್ಟಿದ್ದು ಕಟ್ಟಿದ ಹಾಗೇ ಉದುರತೊಡಗಿತ್ತು. ಮೂಟೆ ಗೊಬ್ಬರ ಹಾಕಿಯೂ ಆಗಿತ್ತು, ಔಷಧಿ ಹೊಡೆಸಿಯೂ ಆಗಿತ್ತು. ಆಗ ಎತ್ತಪ್ಪ ತನ್ನ ಕುರಿಮಂದೆಯನ್ನು ತಂದು ಅವನ ತೋಟದಲ್ಲಿ ನಿಲ್ಲಿಸಿದ. ಹಗಲೆಲ್ಲ ಮೇದ ಕುರಿಗಳು ಇರುಳು ತೋಟದಲ್ಲಿ ಕೂತರೆ ಹಿಕ್ಕೆ, ಗಂಜಲ ಬಿದ್ದು ಭೂಮಿ ಹದಕ್ಕೆ ಬರುತ್ತದೆ. ಅಡಿಕೆ ತೋಟದವರು ಹೆಚ್ಚಿಗೆ ಕೊಡುತ್ತೇವೆ ಬಾ ಎಂದು ಕರೆಯುತ್ತಿದ್ದರೂ ಕದಲದೆ, ಮರ ಮರದ ಬುಡಕ್ಕೂ ಮಂದೆ ಸರಿಸಿಕೊಂಡು ಎತ್ತಪ್ಪ ತಿಂಗಳು ಪೂರಾ ಅಲ್ಲೇ ಇದ್ದ. ಮುಂದಿನ ವರ್ಷ ಮರಗಳು ಕಪ್ಪಗೆ ಎದ್ದು ನಿಂತವು. ಬೆಟ್ಟಸ್ವಾಮಿ ರಾಗಿ, ಕಾಯಿ ಗಾಡಿಗೆ ತುಂಬಿಸಲು ಹೋದರೆ ಎತ್ತಪ್ಪ, "ಈಗ ಬ್ಯಾಡ ಬುಡು ಸ್ವಾಮಣ್ಣ. ನಾನು ಕೇಳ್ದಾಗ ಕೊಡು" ಎಂದುಬಿಟ್ಟಿದ್ದ. ಆಮೇಲೆ ಕೇಳಲೇ ಇಲ್ಲ. ಸಂತೆಯಲ್ಲಿ ಸಿಕ್ಕಾಗಲೆಲ್ಲ ನಗುತ್ತಿದ್ದ, ಅಷ್ಟೆ.

ಈಗ ಜಗುಲಿಯ ಮೇಲೆ ಕುಳಿತು, ಕೊಟ್ಟ ಕಾಫಿ ಕುಡಿದು, ಲೋಟ ಬೋರಲಿಟ್ಟು ಹೇಳಿದ: "ಸ್ವಾಮಣ್ಣ, ಕೇಳೋಕೆ ಬಂದಿವ್ನಿ."

"ಕೇಳು ಎತ್ತಪ್ಪ, ಕೇಳು!" ಬೆಟ್ಟಸ್ವಾಮಿಗೆ ಮುಳ್ಳು ಅರ್ಧ ಹೊರಬಂದ ಹಾಗಾಯಿತು.

"ಆ ಗುರುತು ನಿನ್ ಕೈಲೈತಂತಲ್ಲ. ಅದ್ರಾಗೆ ನಮ್ದೊಂದು ಕುರಿ ಹಾಕ್ಸು."

"ಕುರಿನಾ?"

"ನಮ್ಮವ್ವ ಬೋರಕ್ಕ ಯಾವಾಗ್ಲೂ ಅಂತಾಳೆ. ಈ ಸೀಮೇಲಿ ಎಲ್ಲಿ ನೋಡಿದ್ರೂ ತೆಂಗಿನಮರದ ಚಿತ್ರನೇಯ. ಬಸ್ ಸ್ಟಾಂಡ್ ಗೋಡೇಲಿ ಮರ, ಸೊಸೈಟಿ ಬೋರ್ಡ್‌ನಾಗೆ ಮರ, ಮದ್ವೆ ಕಾಗದದಾಗೂ ಮರ. ಆ ಮರದ ಬುಡದಾಗೆ ರಾತ್ರಿ ಎಲ್ಲಾ ಕೂತು ಎದ್ದೋಯ್ತವಲ್ಲ ಕುರಿ, ಅದನ್ನ ಒಬ್ಬನಾದ್ರೂ ಬರ್ದವ್ನಾ ಅಂತ. ಅವ್ಳಿಗೆ ವಯಸ್ಸಾಯ್ತು. ಒಂದ್ಸಲ ನೋಡ್ಬುಡ್ಲಿ. ಅಲ್ಲಿಗೆ ನಂದೂ ನಿಂದೂ ಲೆಕ್ಕ ಚುಕ್ತಾ. ಈ ವರ್ಷನೂ ಮಂದೆ ತಂದು ಕಟ್ತೀನಿ."

"ಹಂಗೂ ಅವ್ರು ಹಾಕ್ದಿದ್ರೆ?"

"ಹಾಕ್ದಿದ್ರೆ ಏನು ಮಾಡಕಾಯ್ತದೆ? ಅಡಿಕೆ ತೋಟದೋರು ಕರೀತಾವ್ರೆ, ಅತ್ಲಾಗೆ ಹೋಯ್ತೀನಿ." ಎತ್ತಪ್ಪ ಇದನ್ನು ಕೋಪದಿಂದ ಹೇಳಲಿಲ್ಲ. ಬೇಸರದಿಂದ ಹೇಳಿದ. ಬೆಟ್ಟಸ್ವಾಮಿ ಕೋಪವನ್ನಾದರೆ ತಡೆದುಕೊಳ್ಳಬಲ್ಲವನಾಗಿದ್ದ.

"ಆಯ್ತು ಬುಡು ಎತ್ತಪ್ಪ. ಹಾಕ್ಸಣ."

ಆ ರಾತ್ರಿಯೂಟಕ್ಕೆ ಮೊದಲೇ ಯೋಗಿತಾಳಿಗೆ ಫೋನು ಹೋಯಿತು. ಆಚೆ ಏನೋ ಗದ್ದಲ. "ಕುರಿನಾ ದೊಡ್ಡಪ್ಪ? ಹೂಂ... ನೋಡ್ತೀನಿ" ಎಂದಳು. ಬೆಂಗಳೂರಿನಲ್ಲಿ 'ನೋಡ್ತೀನಿ' ಎಂದರೆ ಆಗುವುದಿಲ್ಲ ಎಂದರ್ಥ. ಕಾಳನಕಟ್ಟೆಯ ಬೆಟ್ಟಸ್ವಾಮಿ ತಾನು 'ನೋಡಣ' ಎಂದಾಗಲೆಲ್ಲ ಒಪ್ಪಿಕೊಂಡೇ ಇದ್ದವನಾದ್ದರಿಂದ ನೆಮ್ಮದಿಯಾಗಿ ಮುದ್ದೆ ಮುರಿದ.

ಮೊದಲನೆಯ ಚಿತ್ರ ಅವನ ಫೋನಿಗೆ ಬಂದಿದ್ದು ಪರಮೇಶನ ಹೋಟೆಲಿನಲ್ಲಿ ಕುಳಿತಿದ್ದಾಗ. ಕಂದು ಬಣ್ಣದ ಗುಂಡು ಕಾಯಿ. ಮೈಮೇಲೆ ಅಲ್ಲಲ್ಲಿ ನಾಲ್ಕು ನಾರು. ನೆತ್ತಿಯ ಮೇಲೆ ನೆಟ್ಟಗೆ ಜುಟ್ಟು. ಬೆಟ್ಟಸ್ವಾಮಿ ಹೆಮ್ಮೆಯಿಂದ ಫೋನನ್ನು ಮೇಜಿನ ಮೇಲಿಟ್ಟ. ಪರಮೇಶ ಬಗ್ಗಿ ನೋಡಿದ. ಫೋನು ನೋಡಿದ, ಬೆಟ್ಟಸ್ವಾಮಿಯನ್ನು ನೋಡಿದ, ಮತ್ತೆ ಫೋನು ನೋಡಿದ.

"ಸ್ವಾಮಣ್ಣ, ಕಾಯಿ ಎಲ್ಲೈತೆ? ಇದು ನಿನ್ ಫೋಟೋ ಅಲ್ವಾ?"

ಮಾತು ಅನ್ಯಾಯದ್ದಾಗಿರಲಿಲ್ಲ. ಬೆಟ್ಟಸ್ವಾಮಿಯ ತಲೆ ದುಂಡಗಿತ್ತು, ಬಿಸಿಲಿಗೆ ಕಂದಿತ್ತು. ಕೂದಲು ನಾಲ್ಕೂ ದಿಕ್ಕಿನಿಂದ ಹಿಂಜರಿದು ನೆತ್ತಿಯ ಮೇಲೊಂದು ಗುಪ್ಪೆಯಾಗಿ ಉಳಿದು, ಎಷ್ಟು ಎಣ್ಣೆ ಹಚ್ಚಿದರೂ ಎದ್ದೇ ನಿಲ್ಲುತ್ತಿತ್ತು. ಕ್ಷೌರ ಸೋಮವಾರಕ್ಕೊಮ್ಮೆ. ಅವತ್ತು ಶನಿವಾರ.

"ತಾನೇ ಕುಂತು ಬರಿಸ್ಕಂಡವ್ನೆ ಕಣ್ಲಾ," ಎಂದ ಪಕ್ಕದ ಮೇಜಿನವನು. "ಕೈಲೈತೆ ಕೈಲೈತೆ ಅಂದಿದ್ದು ಇದಕ್ಕೇ."

"ಅಲ್ರಪ್ಪೋ, ಇನ್ನೂ ಮುಗ್ದಿಲ್ಲ. ಇದ್ರಾಗೆ ಇನ್ನಾ ಕುರಿ ಬರ್ಬೇಕು," ಎಂದು ಬೆಟ್ಟಸ್ವಾಮಿ ಸಮಜಾಯಿಷಿ ಕೊಡಲು ಹೋದ.

ಅದೇ ಅವನು ಮಾಡಿದ ತಪ್ಪು. ಇನ್ನೂ ಮುಗಿದಿಲ್ಲ ಎಂದ ಮೇಲೆ ಅದು ಮದುವೆ ಮನೆಯ ಅಡುಗೆ ಇದ್ದ ಹಾಗೆ, ಎಲ್ಲರೂ ಒಂದೊಂದು ಸೌಟು ಹಿಡಿದು ಬಂದರು. ಎತ್ತಪ್ಪನ ಕುರಿಗೆ ಜಾಗವಿದ್ದರೆ ತನ್ನ ಮಾತಿಗಿಲ್ಲವೆ ಎಂದು ಪರಮೇಶ ಕೇಳಿದ. ಅವನು ಊರ ದೇವಸ್ಥಾನದ ಕಮಿಟಿಯಲ್ಲೂ ಇದ್ದವನು. "ಶಿವನ ಸೀಮೆ ಇದು. ಕಾಯಿ ಹಣೆ ಮೇಲೆ ಮೂರು ಗೆರೆ ವಿಭೂತಿ ಎಳ್ಸು. ಖರ್ಚೇನು ಬರಲ್ಲ." ಆಯ್ತು ಬುಡು ಎಂದ ಬೆಟ್ಟಸ್ವಾಮಿ. ಅಮ್ಮಸಂದ್ರದಿಂದ ಬಾಮೈದ ಯೋಗೀಶ್ ಬೈಕಿನಲ್ಲಿ ಬಂದಿಳಿದ. "ಭಾವ, ಬರೀ ತೆಂಗು, ಕುರಿ ಅಂದ್ರೆ ನಾವು ಕಾಡು ಜನ ಅಂದ್ಕೊತಾರೆ. ನಮ್ಮೂರ ಸಿಮೆಂಟ್ ಫ್ಯಾಕ್ಟರಿ ಚಿಮಣಿ ಒಂದು ಹಾಕ್ಸಿ. ಹೊಗೆ ಸ್ವಲ್ಪ ಬರ್ಲಿ. ಅಕ್ಕನ್ನ ಕೊಟ್ಟ ಮನೆ ಅಂತ ಹಕ್ಕಿನಿಂದ ಕೇಳ್ತಿದೀನಿ." ಹೆಂಡತಿಯ ತವರಿಗೆ ಇಲ್ಲ ಎನ್ನುವುದು ಯಾವ ಗಂಡಸಿಗೂ ಸುಲಭವಲ್ಲ, ಬೆಟ್ಟಸ್ವಾಮಿಗೆ ಅದರ ಯೋಚನೆಯೇ ಬರಲಿಲ್ಲ. ಕೊನೆಗೆ ಪಂಚಾಯಿತಿಯ ಪಿಡಿಒ ಕೃತಿಕಾ ಮೇಡಂ ಅವರೇ ಕರೆಸಿಕೊಂಡರು.

"ಬೆಟ್ಟಸ್ವಾಮಿಯವರೇ, ಲೋಗೋ ನಿಮ್ಮ ಸುಪರ್ದಿಯಲ್ಲಿದೆಯಂತೆ. ತಾವು ಒಬ್ಬ ಪ್ರಜ್ಞಾವಂತ ನಾಗರಿಕರು. ಹಸಿ ಕಸ, ಒಣ ಕಸದ ಎರಡು ಬುಟ್ಟಿ ಎಲ್ಲಾದ್ರೂ ಒಂದು ಮೂಲೇಲಿ ಬಂದ್ರೆ ಜನಕ್ಕೆ ತಿಳುವಳಿಕೆ ಬರುತ್ತೆ."

"ಫುಟ್‌ಬಾಲಿಗೂ ಕಸಕ್ಕೂ, ಮೇಡಂ..."

"ಆಟ ಮುಗಿದ ಮೇಲೆ ಮೈದಾನ ನೋಡಿದ್ದೀರಾ?"

ಪ್ರಜ್ಞಾವಂತ ನಾಗರಿಕ ಎಂದು ಅವನನ್ನು ಅದುವರೆಗೆ ಯಾರೂ ಕರೆದಿರಲಿಲ್ಲ. "ಹಾಕ್ಸಣ ಬುಡಿ ಮೇಡಂ," ಎಂದ.

ಯೋಗಿತಾ ಪಾಪ ಒಳ್ಳೆಯ ಹುಡುಗಿ. ದೊಡ್ಡಪ್ಪನ ಫೋನಿನ ಮೇಲೆ ಫೋನು ತಡೆಯಲಾರದೆ, ಊಟದ ಬಿಡುವಿನಲ್ಲಿ ಕುಳಿತು, ಅವನು ಹೇಳಿದ್ದೆಲ್ಲವನ್ನೂ ಒಂದೇ ಕಾಯಿಗೆ ಹೊರಿಸಿ ಕಳಿಸಿದಳು. ಕುರಿ ಪೂರ್ತಿ ಹಿಡಿಯಲಿಲ್ಲವಾದ್ದರಿಂದ ಕಾಯಿಗೆ ಟಗರಿನ ಎರಡು ಕೊಂಬು ಸುರುಳಿ ಸುತ್ತಿದವು. ಹಣೆಗೆ ವಿಭೂತಿ. ಜುಟ್ಟಿನ ಹಿಂದೆ ಚಿಮಣಿ. ಅದರ ಹೊಗೆ ಜುಟ್ಟಿನಿಂದಲೇ ಏಳುತ್ತಿರುವಂತೆ ಕಾಣುತ್ತಿತ್ತು. ಎರಡು ಕಿವಿಯ ಜಾಗದಲ್ಲಿ ಎರಡು ಕಸದ ಬುಟ್ಟಿ. ಚಿತ್ರದ ಜೊತೆ ಒಂದು ಸಾಲು ಬರೆದಿದ್ದಳು: ಇದು ನಿಮಗೊಬ್ಬರಿಗೇ ಅಂತ ತಮಾಷೆಗೆ ಗೀಚಿದ್ದು, ಯಾರಿಗೂ ಕಳಿಸಬೇಡಿ.

ಬೆಟ್ಟಸ್ವಾಮಿ ಮೊದಲು ಚಿತ್ರವನ್ನು ಎಲ್ಲರಿಗೂ ಕಳಿಸಿದ. ಆಮೇಲೆ ಕನ್ನಡಕ ಹುಡುಕಿ ಕೆಳಗಿನ ಸಾಲು ಓದಿದ.

ಅಷ್ಟು ಹೊತ್ತಿಗೆ ಪರಮೇಶ ಅದನ್ನು ಆಳುದ್ದದ ಫ್ಲೆಕ್ಸಿನಲ್ಲಿ ಮಾಡಿಸುವುದಕ್ಕೆ ಕೊಟ್ಟಾಗಿತ್ತು. ಭಾನುವಾರ ತುರುವೇಕೆರೆಯ ಮೈದಾನದಲ್ಲಿ ಹೊಸ ಲೋಗೋ ಬಿಡುಗಡೆ ಎಂದು ಟೀಮಿನವರು ಸಾರಿದ್ದರು. ಶುಕ್ರವಾರವೇ ಫ್ಲೆಕ್ಸು ಬಸ್ ಸ್ಟಾಂಡಿನ ಮುಂದೆ ಎದ್ದು ನಿಂತಿತು. ಕೆಳಗೆ 'ನಮ್ಮ ಹೆಮ್ಮೆಯ ಬೆಟ್ಟಸ್ವಾಮಿಯವರ ಕೊಡುಗೆ' ಎಂಬ ಬರಹ. ದೇವಸ್ಥಾನದ ಕಮಿಟಿಯವನಾದ ಪರಮೇಶ, ವಿಭೂತಿ ಇಟ್ಟ ಮುಖ ಬರಿದಾಗಿ ಕಾಣುತ್ತದೆಂದು ಒಂದು ಸೇವಂತಿಗೆ ಹಾರವನ್ನೂ ಹಾಕಿಸಿದ.

ವಿಭೂತಿ ಧರಿಸಿದ ದುಂಡು ಮುಖ, ಹೆಸರು, ಕೊರಳಿಗೆ ಹಾರ. ಓಡುವ ಬಸ್ಸಿನಿಂದ ಇಣುಕಿದವರಿಗೆ ಉಳಿದದ್ದನ್ನು ಓದುವ ವ್ಯವಧಾನವಿರುವುದಿಲ್ಲ.

ಶನಿವಾರ ಬೆಳಿಗ್ಗೆ ಹುಳಿಯಾರಿನಿಂದ ಬೆಟ್ಟಸ್ವಾಮಿಯ ಚಿಕ್ಕಪ್ಪನ ಮಕ್ಕಳು ಒಂದು ವ್ಯಾನಿನಲ್ಲಿ ಬಂದರು. ಹೆಂಗಸರು ಊರ ಬಾಗಿಲಿನಿಂದಲೇ ದನಿ ತೆಗೆದಿದ್ದರು. "ಅಯ್ಯೋ ನಮ್ ಸ್ವಾಮಣ್ಣಾ, ಯಾರ್ಗೂ ಒಂದು ಮಾತು ಇಲ್ಲ ಅನ್ನದ ಪುಣ್ಯಾತ್ಮಾ..." ಬಾಗಿಲು ತೆರೆದವನು ಸ್ವಾಮಣ್ಣನೇ. ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು.

"ಯಾರು ಹೋಗ್ಬುಟ್ರವ್ವಾ?" ಎಂದ ಗಾಬರಿಯಿಂದ.

ಅಳು ಗಕ್ಕನೆ ನಿಂತಿತು. ವಿಷಯ ತಿಳಿದ ಮೇಲೆ ಎಲ್ಲರಿಗೂ ಸಂತೋಷವಾಯಿತು ನಿಜ. ಆದರೆ ಅಷ್ಟು ದೂರ ವ್ಯಾನು ಮಾಡಿಕೊಂಡು ಬಂದದ್ದಕ್ಕೆ ಅವನು ಬದುಕಿರುವುದು ತಕ್ಕ ಫಲವಲ್ಲ ಎಂಬಂಥ ಒಂದು ಸಣ್ಣ ನಿರಾಸೆ ಹಿರಿಯಳ ಮುಖದಲ್ಲಿ ಸುಳಿದು ಹೋಯಿತು. ದ್ರಾಕ್ಷಾಯಣಮ್ಮ ತುಟಿ ಬಿಗಿದುಕೊಂಡು ಅಷ್ಟೂ ಜನಕ್ಕೆ ಉಪ್ಪಿಟ್ಟು ಕಲಕಿದಳು. ಅವರು ಹೋದ ಮೇಲೆ ಗಂಡನ ಮುಂದೆ ಫೋನು ಇಟ್ಟು, "ಆ ಹುಡುಗಿಗೆ ಮಾಡ್ರೀ. ನಿಜವಾಗ್ಲೂ ನಿಮ್ ಕೈಲೇನೈತೆ ಅಂತ ಕೇಳಿ ತಿಳ್ಕಳಿ" ಎಂದಳು.

ಯೋಗಿತಾ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ದೊಡ್ಡಪ್ಪ, ಲೋಗೋ ತೀರ್ಮಾನ ಮಾಡೋದು ನಮ್ಮ ಬಾಸು ಮತ್ತೆ ಟೀಮಿನ ಓನರು. ಅದು ಆಗಲೇ ಆಗಿಹೋಯ್ತು. ನನಗೆ ನಿಮ್ಮಿಂದ ಬೇಕಾಗಿದ್ದದ್ದು ಆ ಕಾಯಿ ಒಂದೇ."

"ಕುರಿ?"

"ಕುರಿ ಇಲ್ಲ ದೊಡ್ಡಪ್ಪ."

"ಎಲ್ಲಾದ್ರೂ ಒಂದು ಮೂಲೇಲಿ? ಸಣ್ಣದು? ಮಲಗಿರೋದಾದ್ರೂ ಆಯ್ತದೆ."

"ಏನೂ ಇಲ್ಲ ದೊಡ್ಡಪ್ಪ. ಏನಿದೆ ಅಂತ ಈಗ ಹೇಳೋ ಹಾಗೂ ಇಲ್ಲ."

ಬೆಟ್ಟಸ್ವಾಮಿ ಆ ಮಧ್ಯಾಹ್ನ ಊಟ ಮಾಡಲಿಲ್ಲ. ತೋಟಕ್ಕೆ ಹೋಗಿ ಮರಗಳ ನಡುವೆ ಸುಮ್ಮನೆ ನಿಂತ. ಚಿಮಣಿಯ ಯೋಗೀಶ್ ನಾಲ್ಕು ದಿನ ಮುನಿಸಿಕೊಂಡಾನು. ಬುಟ್ಟಿಯ ಮೇಡಂಗೆ ವರ್ಗವಾದೀತು. ಎತ್ತಪ್ಪನಿಗೆ ಏನು ಹೇಳುವುದು? ಫೋನಿನಲ್ಲಿ ಹೇಳಿಬಿಡೋಣವೆಂದು ಎತ್ತಪ್ಪನಿಗೆ ಮಾಡಿದರೆ, ಇವನು ಬಾಯಿ ತೆರೆಯುವ ಮುಂಚೆಯೇ ಆಚೆಯಿಂದ, "ಸ್ವಾಮಣ್ಣ, ನಾಳಿಕೆ ಹಟ್ಟಿ ಪೂರಾ ಬತ್ತಾ ಐತೆ. ಟೆಂಪೋ ಹೇಳಿವ್ನಿ. ಅವ್ವ ಹೊಸ ಸೀರೆ ತೆಗ್ದವ್ಳೆ" ಎಂಬ ಮಾತು ಬಂತು.

"ಆಯ್ತು ಬುಡು, ಬನ್ನಿ," ಎಂದ ಬೆಟ್ಟಸ್ವಾಮಿ.

ಭಾನುವಾರ ಮೈದಾನದಲ್ಲಿ ಶಾಮಿಯಾನ, ನೀಲಿ ಪರದೆ ಮುಚ್ಚಿದ ದೊಡ್ಡ ಹಲಗೆ, ಸಾಲಾಗಿ ನಿಂತ ಆಟಗಾರರು. ಅವರಲ್ಲಿ ಒಬ್ಬಿಬ್ಬರು ಆ ಸೀಮೆಯವರು ಕಂಡರಿಯದಷ್ಟು ಎತ್ತರವಿದ್ದರು. ಬಿದಿರ ಗಳುವಿಲ್ಲದೆಯೇ ಎಳನೀರು ಕೀಳಬಹುದು ಎಂದು ಜನ ಮೆಚ್ಚಿಕೊಂಡರು. ಮುಂದಿನ ಸಾಲಿನಲ್ಲಿ ಪರಮೇಶ, ಯೋಗೀಶ್, ಕೃತಿಕಾ ಮೇಡಂ ಕೂತಿದ್ದರು. ಪಕ್ಕದಲ್ಲಿ ಹಟ್ಟಿಯವರು ಕಂಬಳಿ ಹಾಸಿಕೊಂಡು ನೆಲದ ಮೇಲೆ ಕುಳಿತಿದ್ದರು. ನಡುವೆ ಬೋರಕ್ಕ. ಅವಳ ಮಡಿಲಲ್ಲಿ ಒಂದು ಕುರಿಮರಿ.

"ಮರಿ ಯಾಕೆ ಬೋರಕ್ಕ?" ಎಂದ ಬೆಟ್ಟಸ್ವಾಮಿ.

"ಸರ್ಯಾಗಿ ಬರ್ದವ್ರಾ ಇಲ್ವಾ ಪಕ್ಕದಾಗಿಟ್ಟು ನೋಡ್ಬ್ಯಾಡ್ವಾ ಮಗ? ಪ್ಯಾಟೆಯೋರು ಕುರಿ ಬರಿ ಅಂದ್ರೆ ಮೇಕೆ ಬರ್ದಾರು."

ವೇದಿಕೆಯ ಮೇಲೆ ಯೋಗಿತಾ ಮೈಕು ಹಿಡಿದಳು. ಕಾಯಿಯ ಕಥೆ ಹೇಳಿದಳು. "ಕಾಯಿ ಕಳಿಸಿದವರು ನನ್ನ ದೊಡ್ಡಪ್ಪ ಬೆಟ್ಟಸ್ವಾಮಿಯವರು. ಜುಟ್ಟು ಬಿಟ್ಟೇ ಕಳಿಸಿದ್ರು. ನಾವು ಆ ಕಾಯಿ ಮುಂದಿಟ್ಟುಕೊಂಡು ಎಷ್ಟು ಸಲ ಬರೆದರೂ ಯಾರೋ ಮನುಷ್ಯರ ತಲೆ ಥರಾನೇ ಬರ್ತಿತ್ತು." ಮೈದಾನವೆಲ್ಲ ತಿರುಗಿ ಬೆಟ್ಟಸ್ವಾಮಿಯನ್ನು ನೋಡಿತು. "ಕೊನೆಗೆ ಆಫೀಸಿನ ಪೂಜೆ ದಿನ ಅದನ್ನ ಒಡೆಯೋಣ ಅಂತ ಜುಟ್ಟು ಕಿತ್ತಾಗ, ಅಷ್ಟು ದಿನ ಅದರ ಕೆಳಗೆ ಮುಚ್ಚಿಕೊಂಡಿದ್ದದ್ದು ಕಾಣಿಸ್ತು. ನಮ್ಮ ಬಾಸು ಅಲ್ಲೇ, ಇದೇ ಲೋಗೋ ಅಂದ್ರು."

ಪರದೆ ಸರಿಯಿತು.

ಬಿಳಿಯ ಹಲಗೆ. ಒಂದು ಹಸಿರು ವೃತ್ತ. ಅದರೊಳಗೆ ಮೂರು ದುಂಡನೆಯ ಕಪ್ಪು ಚುಕ್ಕೆ. ತೆಂಗಿನಕಾಯಿಯ ಮೂರು ಕಣ್ಣು. ಮತ್ತೇನೂ ಇರಲಿಲ್ಲ.

ಕಿರೀಟದ ಸಿಂಹದಿಂದ ಹೊರಟು, ಜುಟ್ಟು, ಕೊಂಬು, ಹೊಗೆ, ಬುಟ್ಟಿಗಳನ್ನೆಲ್ಲ ಹೊತ್ತು ತಿರುಗಿ, ಕಟ್ಟಕಡೆಗೆ ಮೂರು ಚುಕ್ಕೆಯಾಗಿ ಕುಳಿತ ಆ ಗುರುತನ್ನು ಜನ ಬಾಯಿಬಿಟ್ಟುಕೊಂಡು ನೋಡಿದರು. ಟೀಮಿನವರು ತಾವೇ ಚಪ್ಪಾಳೆ ತಟ್ಟಿಕೊಂಡರು. "ಚಿಮಣಿ ಎಲ್ಲಿ ಭಾವ?" ಎಂದು ಯೋಗೀಶ್ ಎದ್ದೇ ನಿಂತ. ಪರಮೇಶ, "ಮುಕ್ಕಣ್ಣ ಬಂದವ್ನೆ, ವಿಭೂತಿ ಇಲ್ದಿದ್ರೆ ಹಾಳಾಗೋಗ್ಲಿ" ಎಂದು ಕೈ ಮುಗಿದುಬಿಟ್ಟ. ಕೃತಿಕಾ ಮೇಡಂ ಮಾತ್ರ ವೃತ್ತದ ಅಂಚಿನಲ್ಲಿ ಬುಟ್ಟಿಗಳೇನಾದರೂ ಸಣ್ಣದಾಗಿ ಇವೆಯೇನೋ ಎಂದು ಕಣ್ಣು ಕಿರಿದು ಮಾಡಿ ಹುಡುಕುತ್ತಲೇ ಇದ್ದರು.

ಬೆಟ್ಟಸ್ವಾಮಿ ಇವರಾರನ್ನೂ ನೋಡಲಿಲ್ಲ. ಹಟ್ಟಿಯವರ ಕಂಬಳಿಯ ಹತ್ತಿರ ಹೋಗಿ ಎತ್ತಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತ. ಹುಟ್ಟಿದಾಗಿನಿಂದ ಆಡದ ಮಾತನ್ನು ಆಡಬೇಕಾಗಿತ್ತು. ನಾಲಿಗೆ ಎರಡು ಮೂರು ಸಲ ಎಡವಿತು.

"ಎತ್ತಪ್ಪ, ನನ್ ಕೈಲಿ ಆಗ್ಲಿಲ್ಲ. ಅದು ನನ್ ಕೈಲಿ ಇರ್ಲೇ ಇಲ್ಲ ಕಣಪ್ಪ. ಒಂದು ಕಾಯಿ ಕಳಿಸ್ದೆ, ಅಷ್ಟೇಯ. ಸುಮ್ನೆ ಬಾಯಿ ಬಡ್ಕಂಡೆ. ಕುರಿ ಇಲ್ಲ."

ಎತ್ತಪ್ಪ ಹಲಗೆಯನ್ನೇ ನೋಡುತ್ತಿದ್ದ. ಹಟ್ಟಿಯ ಗಂಡಸರು ಟವೆಲು ಕೊಡವಿ ಏಳುವುದಕ್ಕೆ ಅಣಿಯಾದರು. ಇಷ್ಟು ಜನ, ಇಷ್ಟು ಮೈಕು ಕಂಡರಿಯದ ಕುರಿಮರಿ ಅದೇ ಹೊತ್ತಿಗೆ ಬೋರಕ್ಕನ ಮಡಿಲಿಂದ ಹಾರಿ, ಕಂಬಳಿಯಾಚೆ ಹಾಸಿದ್ದ ಟೀಮಿನವರ ಬಿಳಿ ಹಾಸಿನ ಮೇಲೆ ನಿಂತು, ಬಾಲ ಅಲ್ಲಾಡಿಸಿ, ತನ್ನ ಗಾಬರಿಯನ್ನೆಲ್ಲ ಉದುರಿಸಿತು.

ಬೋರಕ್ಕ ಮರಿಯನ್ನು ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಬಿಳಿ ಹಾಸಿನ ಮೇಲೆ ದುಂಡನೆಯ ಕಪ್ಪು ಹಿಕ್ಕೆ. ಅವಳು ಅದನ್ನು ನೋಡಿದಳು; ತಲೆಯೆತ್ತಿ ಬಿಳಿಯ ಹಲಗೆ ನೋಡಿದಳು; ಮತ್ತೆ ನೆಲ ನೋಡಿದಳು.

"ಲೇ ಎತ್ತ! ಹಿಕ್ಕೆ ಕಣ್ಲಾ!"

"ಎಲ್ಲವ್ವ?"

"ಅಲ್ ನೋಡ್ಲಾ, ಹಲಗೆ ಮ್ಯಾಲೆ! ಹಸ್ರು ಹುಲ್ಲಿನ ನಡುವ್ಕೆ! ನಮ್ ಕುರಿ ಹಿಕ್ಕೆನೇ ಬರ್ಸವ್ನೆ ಕಣೋ ಬೆಟ್ಟಸ್ವಾಮಿ. ಕುರಿ ಯಾರು ಬೇಕಾದ್ರೂ ಬರೀತಾರೆ. ಮರಕ್ಕೆ ಬೇಕಾದ್ದು ಕುರಿನಾ, ಹಿಕ್ಕೆನಾ?"

ಹಟ್ಟಿಯವರೆಲ್ಲ ಮತ್ತೆ ಕೂತು ಹಲಗೆ ನೋಡಿದರು. ಹಿಕ್ಕೆ ಎಂದು ಒಂದು ಸಲ ಹೇಳಿದ ಮೇಲೆ ಅದು ಹಿಕ್ಕೆಯಲ್ಲದೆ ಬೇರೇನೂ ಆಗಿರಲು ಸಾಧ್ಯವಿರಲಿಲ್ಲ. ಶಿಳ್ಳೆಗಳು ಎದ್ದವು. ಹಟ್ಟಿಯ ಹುಡುಗರು 'ಹಿಕ್ಕೆ ಹಿಕ್ಕೆ' ಎಂದು ಲಯಬದ್ಧವಾಗಿ ಕೂಗತೊಡಗಿದರು. ಎತ್ತರದ ಆಟಗಾರರು ಅದು ತಮಗೆ ಹಾಕಿದ ಜೈಕಾರವೆಂದು ತಿಳಿದು ಕೈ ಬೀಸಿ ತಾವೂ 'ಇಕ್ಕೆ ಇಕ್ಕೆ' ಎಂದರು. ವೇದಿಕೆಯ ಮೇಲೆ ಬಾಸು ಯೋಗಿತಾಳ ಕಡೆ ಬಗ್ಗಿ ಜನ ಏನನ್ನುತ್ತಿದ್ದಾರೆ ಎಂದು ಕೇಳಿದ.

ಯೋಗಿತಾ ಒಂದು ಗಳಿಗೆ ಯೋಚಿಸಿದಳು. "ಮಣ್ಣಿಗೆ ಒಳ್ಳೇದು ಅಂತಿದಾರೆ ಸಾರ್," ಎಂದಳು.

"ನಾನು ಹೇಳಿ ಬರ್ಸಿದ್ದಲ್ಲ ಎತ್ತಪ್ಪ, ಅದು ಕಾಯಿ ಕಣ್ಣು..." ಎಂದು ಬೆಟ್ಟಸ್ವಾಮಿ ಶುರುಮಾಡಿದ. ಒಮ್ಮೆ ನಿಜ ಹೇಳುವ ರುಚಿ ಹತ್ತಿದ ಮೇಲೆ ನಿಲ್ಲಿಸುವುದು ಅವನಿಗೆ ಕಷ್ಟವಾಗಿತ್ತು.

"ಗೊತ್ತು ಬುಡು," ಎಂದ ಎತ್ತಪ್ಪ. "ಕಣ್ಣೇ ಇರ್ಲಿ. ಅವ್ವ ನೋಡಿದ್ಲಲ್ಲ." ಆಮೇಲೆ ತಾಯಿಗೆ ಕೇಳಿಸದ ಹಾಗೆ, "ನೀನು ಬಂದು ಆಗ್ಲಿಲ್ಲ ಅಂದ್ಯಲ್ಲ ಸ್ವಾಮಣ್ಣ, ಅದು ನಂಗೆ ಸಾಕಾಗಿತ್ತು" ಎಂದ.

ಮಾರನೆಯ ಸಂಜೆ ಹೊತ್ತು ಮುಳುಗುವ ಮೊದಲು ಮಂದೆ ಕಾಳನಕಟ್ಟೆಗೆ ಬಂತು. ದೂಳೆಬ್ಬಿಸಿಕೊಂಡು ಬಂದ ಕುರಿಗಳು ತೋಟದೊಳಗೆ ನುಗ್ಗಿ, ಹೋದ ಸಲ ಬಿಟ್ಟುಹೋದ ಜಾಗವನ್ನೇ ಹುಡುಕಿಕೊಂಡ ಹಾಗೆ ಮರಗಳ ಬುಡಕ್ಕೆ ಸರಿದು ಕೂತವು. ದ್ರಾಕ್ಷಾಯಣಮ್ಮ ಎತ್ತಪ್ಪನಿಗೂ ಅವನ ಜೊತೆಯವರಿಗೂ ಮುದ್ದೆ ತಿರುವಿದಳು. ಬೆಟ್ಟಸ್ವಾಮಿ ಮಂದೆಗೆ ಅಡ್ಡವಾಗುವ ಒಂದು ಜಾಗದಲ್ಲಿ ನಿಂತು 'ಹುಷಾರು, ಹುಷಾರು' ಎಂದ.

"ಹಳೇದು ಚುಕ್ತಾ ಆಯ್ತಲ್ಲ ಎತ್ತಪ್ಪ?" ಎಂದು ಬೆಳಿಗ್ಗೆ ಕೇಳಿದ.

"ಚುಕ್ತಾ."

"ಹಂಗಾದ್ರೆ ಈ ವರ್ಷದ್ದು? ರಾಗಿ ಅಳೀಲಾ, ಕಾಯಿ ಕೊಡ್ಲಾ?"

ಎತ್ತಪ್ಪ ಕಂಬಳಿ ಹೆಗಲಿಗೇರಿಸಿಕೊಂಡು ನಕ್ಕ. ಅದೇ ಸಂತೆಯ ನಗು. "ಈಗ ಬ್ಯಾಡ ಬುಡು ಸ್ವಾಮಣ್ಣ. ನಾನು ಕೇಳ್ದಾಗ ಕೊಡು."

ಬೆಟ್ಟಸ್ವಾಮಿ ಬಾಯಿ ತೆರೆದ. 'ಇಲ್ಲ, ಈಗಲೇ ತಗೋ' ಎನ್ನಬೇಕೆಂದೇ ತೆರೆದದ್ದು. ನಾಲಿಗೆ ಹಳೆಯ ದಾರಿಯನ್ನೇ ಹಿಡಿಯಿತು.

"ಆಯ್ತು ಬುಡು," ಎಂದ.

ಮಂದೆ ಬೋರೆಗುಡ್ಡದ ಕಡೆ ಮೇಯಲು ಹೊರಟಿತು. ಮರಗಳ ಕೆಳಗೆಲ್ಲ, ಕಣ್ಣು ಹಾಯುವಷ್ಟು ದೂರ, ತೆಂಗುನಾಡು ಫುಟ್‌ಬಾಲ್ ಕ್ಲಬ್ಬಿನ ಲೋಗೋ ಬಿದ್ದಿತ್ತು. ಒಳಗಿನಿಂದ ದ್ರಾಕ್ಷಾಯಣಮ್ಮ ಕಾಫಿಗೆ ಕೂಗಿದಳು. ಬೆಟ್ಟಸ್ವಾಮಿ ಚಪ್ಪಲಿಯನ್ನು ಕೈಗೆತ್ತಿಕೊಂಡು, ಆದಷ್ಟೂ ತುಳಿಯದ ಹಾಗೆ ಕಾಲಿಡುತ್ತಾ ಮನೆಯ ಕಡೆ ನಡೆದ.